ಹೊಗೆಚೀಟಿಗೆ ಕಾಣದ ದೂಳು

ಹೊಗೆ ತಪಾಸಣೆ ಕೇಂದ್ರದಲ್ಲಿ ಡೀಸೆಲ್ ಲಾರಿಗೆ ಮಾಡುವ ಪರೀಕ್ಷೆ ಸರಳವಾದುದು. ಲಾರಿ ನ್ಯೂಟ್ರಲ್‌ನಲ್ಲಿ ನಿಂತಿರುತ್ತದೆ. ಚಾಲಕ ಆಕ್ಸಿಲರೇಟರನ್ನು ಒಮ್ಮೆಲೇ ಪೂರ್ತಿ ಒತ್ತುತ್ತಾನೆ. ಸೈಲೆನ್ಸರಿನಿಂದ ನುಗ್ಗಿದ ಹೊಗೆಯ ಒಂದು ಪಾಲು ನಳಿಕೆಯ ಮೂಲಕ ಪೆಟ್ಟಿಗೆಯೊಂದಕ್ಕೆ ಹೋಗುತ್ತದೆ. ಪೆಟ್ಟಿಗೆಯ ಒಂದು ತುದಿಯಲ್ಲಿ ದೀಪ, ಇನ್ನೊಂದು ತುದಿಯಲ್ಲಿ ಬೆಳಕನ್ನು ಅಳೆಯುವ ಕಣ್ಣು. ಹೊಗೆ ಎಷ್ಟು ಬೆಳಕನ್ನು ನುಂಗಿತು ಎಂಬುದೇ ಅಂಕ. ಬಿಎಸ್-4 ಹೊಗೆ ಮಾನದಂಡದ ಲಾರಿಯಾದರೆ 50, ಅದಕ್ಕಿಂತ ಹಳೆಯದಾದರೆ 65ರ ಒಳಗಿದ್ದರೆ ಚೀಟಿ ಸಿಗುತ್ತದೆ.

ಚೀಟಿ ಪಡೆದ ಲಾರಿ ಕ್ವಾರಿಗೆ ಹೋಗಿ ಜಲ್ಲಿಯನ್ನೋ ಮರಳನ್ನೋ ಅಂಚು ಮೀರಿ ತುಂಬಿಕೊಂಡು, ತಾಡಪಾಲು ಹಾಕದೆ ಕೂಡ್ಲಿಗಿಯೋ ಹಡಗಲಿಯೋ ದಾರಿಯಲ್ಲಿ ಬರುತ್ತದೆ ಎಂದುಕೊಳ್ಳಿ. ಹಿಂದಿನ ಬೈಕಿನವನ ಕಣ್ಣಿಗೆ ದೂಳು ಹೊಡೆಯುತ್ತದೆ, ರಸ್ತೆ ಬದಿಯ ಮಿರ್ಚಿ ಅಂಗಡಿಯ ಬಾಣಲೆಯ ಮೇಲೆ ಕೆಂಪು ಪುಡಿ ಕೂರುತ್ತದೆ. ಕಾನೂನಿನ ಪ್ರಕಾರ ಆ ಲಾರಿಯ ಹೊಗೆ ಶುದ್ಧ. ಪರೀಕ್ಷೆ ತಪ್ಪಾಗಿಲ್ಲ. ಅದು ಲಾರಿಯ ಒಂದು ತೂತನ್ನು ಮಾತ್ರ ನೋಡಿದೆ. ಅದರ ಹತ್ತು ಚಕ್ರಗಳನ್ನಾಗಲಿ, ಬೆನ್ನ ಮೇಲಿನ ಹೊರೆಯನ್ನಾಗಲಿ ನೋಡಿಲ್ಲ.

ವಾಹನ ನಿರ್ಬಂಧ ಎಂದ ತಕ್ಷಣ ನಮ್ಮ ಕಣ್ಣೆದುರು ಬರುವುದು ದೊಡ್ಡ ನಗರಗಳು. 1998ರ ಜುಲೈ 28ರಂದು ಸುಪ್ರೀಂ ಕೋರ್ಟ್ ದೆಹಲಿಯ ಬಸ್ಸುಗಳನ್ನೆಲ್ಲ ಸಿಎನ್‌ಜಿಗೆ ಬದಲಾಯಿಸಲು ಆದೇಶಿಸಿತು, 2002ರ ಕೊನೆಯ ಹೊತ್ತಿಗೆ ಆ ಕೆಲಸ ಮುಗಿಯಿತು. ಲಂಡನ್ 2019ರ ಏಪ್ರಿಲ್ 8ರಿಂದ ನಗರದ ನಡುಭಾಗಕ್ಕೆ ಬರುವ ಹಳೆಯ ಡೀಸೆಲ್ ಕಾರುಗಳಿಗೆ ದಿನಕ್ಕೆ ಹನ್ನೆರಡೂವರೆ ಪೌಂಡ್ ಶುಲ್ಕ ಹಾಕಿತು. 2023ರ ಆಗಸ್ಟ್ 29ರಂದು ಆ ನಿಯಮವನ್ನು ಇಡೀ ಮಹಾನಗರಕ್ಕೆ ಹರಡಿತು. ಇವನ್ನು ಓದಿದ ಕೊಟ್ಟೂರಿನ ಓದುಗ, ಇದು ನಮ್ಮೂರಿನ ಮಾತಲ್ಲ ಎಂದು ಪುಟ ಮಗುಚಬಹುದು. ಮಗುಚಬೇಡಿ. ವಾಹನ ನಿಂತರೆ ಗಾಳಿಗೆ ಏನಾಗುತ್ತದೆ ಎಂಬ ದೊಡ್ಡದೊಂದು ಪಾಠ ನಮ್ಮ ನೆಲದಲ್ಲೇ ನಡೆದುಹೋಗಿದೆ. ಅದನ್ನು ಗಾಳಿಯ ಪಾಠವಾಗಿ ಯಾರೂ ಓದಲಿಲ್ಲ, ಅಷ್ಟೆ.

ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಉಕ್ಕಿನ ಹಸಿವಿಗೆ ಸಂಡೂರಿನ ಬೆಟ್ಟಗಳು ಕರಗತೊಡಗಿದವು. ಅದಿರು ಬಂದರು ಸೇರಲು ರೈಲು ಸಾಲಲಿಲ್ಲ, ಲಾರಿಗಳು ಬಂದವು. ಕೂಡ್ಲಿಗಿಯ ಮೇಲೆ ಹಾಯುವ ಹೆದ್ದಾರಿಗೆ ಈಗ 50 ಎಂಬ ಸಂಖ್ಯೆ ಇದೆ. ಆಗ ಅದು ಸೊಲ್ಲಾಪುರದಿಂದ ಮಂಗಳೂರಿನ ತನಕ ಹೋಗುವ 13ನೇ ಹೆದ್ದಾರಿಯ ತುಂಡು, ಅಂದರೆ ಗಣಿಯಿಂದ ಸಮುದ್ರಕ್ಕೆ ನೇರ ದಾರಿ. ಪಡುವಣಕ್ಕೆ ಇನ್ನೊಂದು ರಸ್ತೆ ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳನ್ನು ಮುಟ್ಟಿ ಹರಿಹರದ ಕಡೆ ಇಳಿಯುತ್ತದೆ. ಆ ಕಾಲದಲ್ಲಿ ಈ ಸೀಮೆಯಲ್ಲಿ ಓಡಾಡಿದವರಿಗೆ ವಿವರಿಸಬೇಕಿಲ್ಲ. ಬೇವಿನ ಮರ ಹಸಿರಾಗಿರಲಿಲ್ಲ, ಇಟ್ಟಿಗೆಯ ಬಣ್ಣದಲ್ಲಿತ್ತು. ಡಾಂಬರು ಕಿತ್ತು ರಸ್ತೆಯಲ್ಲಿ ಎತ್ತಿನ ಗಾಡಿಯ ಜಾಡಿನಂಥ ಕೊರಕಲುಗಳಾಗಿದ್ದವು. ಹಗಲಲ್ಲೂ ಹೆಡ್‌ಲೈಟ್ ಹಾಕಿಕೊಂಡು ಹೋಗಬೇಕಿತ್ತು.

2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು. 2011ರ ಜುಲೈ 27ರಂದು ಆಗಿನ ಲೋಕಾಯುಕ್ತ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆ ಕುರಿತ ತಮ್ಮ ವರದಿ ಒಪ್ಪಿಸಿದರು. ಎರಡು ದಿನ ಕಳೆದು, ಸಮಾಜ ಪರಿವರ್ತನ ಸಮುದಾಯ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ತಡೆದಿತು. ರಸ್ತೆ ಬರಿದಾಯಿತು. ಲಾರಿ ಸಾಲ ಮಾಡಿದವರು, ಕ್ಲೀನರ್‌ಗಳು, ಪಂಕ್ಚರ್ ಅಂಗಡಿಯವರು, ದಾಬಾದವರು ಪಟ್ಟ ಪಾಡು ಸಣ್ಣದಲ್ಲ. ಅದನ್ನು ಮರೆತು ಗಾಳಿಯ ಮಾತಾಡುವುದು ಅನ್ಯಾಯ. ಆದರೆ ನಾಲ್ಕು ಮಳೆ ಬಿದ್ದ ಮೇಲೆ ಬೇವು ಮತ್ತೆ ಹಸಿರಾದದ್ದೂ ಅಷ್ಟೇ ನಿಜ. ಆ ಆದೇಶ ಬಂದದ್ದು ಗಾಳಿಯ ಸಲುವಾಗಿ ಅಲ್ಲ, ಅಕ್ರಮ ಮತ್ತು ಕಾಡಿನ ನಾಶದ ಸಲುವಾಗಿ. ಹಾಗಿದ್ದೂ ಲಾರಿಗಳ ಸಾಲೊಂದು ನಿಂತಾಗ ಗಾಳಿಗೆ ಏನಾಗುತ್ತದೆ ಎಂಬುದನ್ನು ಅದು ನಮ್ಮ ಜನರ ಕಣ್ಣೆದುರೇ ತೋರಿಸಿತು.

ಈಗ ಚಕ್ರದಡಿಗೆ ಹೋಗೋಣ. ರಸ್ತೆಯ ಮೇಲೆ ಯಾವಾಗಲೂ ತೆಳುವಾದ ಹಿಟ್ಟಿನ ಪದರ ಇರುತ್ತದೆ: ಅಂಚಿನ ಮಣ್ಣು, ಸವೆದ ಡಾಂಬರು, ಟೈರಿನ ರಬ್ಬರು, ಬ್ರೇಕಿನ ಪುಡಿ, ಲಾರಿಯಿಂದ ಸೋರಿದ ಮರಳು. ಟೈರು ಅದನ್ನು ಬೀಸುವ ಕಲ್ಲಿನ ಹಾಗೆ ಅರೆಯುತ್ತದೆ. ಅರೆದ ಹಿಟ್ಟನ್ನು ವಾಹನದ ಹಿಂದೆ ಸುಳಿಯುವ ಗಾಳಿ ಮೇಲೆತ್ತುತ್ತದೆ. ತುಂಗಭದ್ರೆಯ ದಡದಿಂದ ಹಡಗಲಿ ಕಡೆಯ ರಸ್ತೆಗಳಿಗೆ ಬರುವ ಮರಳನ್ನೇ ನೋಡಿ. ಹೊಳೆಯ ಮರಳು ದಪ್ಪ, ಅದು ಗಾಳಿಯಲ್ಲಿ ತೇಲದು. ಆದರೆ ಸೋರಿ ರಸ್ತೆಗೆ ಬಿದ್ದ ಮರಳು ನೂರು ಚಕ್ರದಡಿ ಸಿಕ್ಕಿ ನುಣ್ಣಗಾದ ಮೇಲೆ ತೇಲುತ್ತದೆ. ಇವತ್ತು ಸೋರಿದ್ದು ಮುಂದಿನ ವಾರದ ದೂಳು.

ಈ ದೂಳನ್ನು ಲೆಕ್ಕ ಹಾಕಲು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸೂತ್ರವೊಂದಿದೆ, ಜಗತ್ತಿನಾದ್ಯಂತ ಎಂಜಿನಿಯರುಗಳು ಬಳಸುತ್ತಾರೆ. ಅದರಲ್ಲಿ ಎರಡು ಸಂಗತಿಗಳೇ ಮುಖ್ಯ: ಡಾಂಬರಿನ ಮೇಲೆ ಎಷ್ಟು ನುಣುಪು ಮಣ್ಣಿದೆ, ಹಾಯುವ ವಾಹನಗಳ ಸರಾಸರಿ ತೂಕ ಎಷ್ಟು. ತೂಕ ಇಮ್ಮಡಿಯಾದರೆ ದೂಳೂ ಇಮ್ಮಡಿ. ಮಣ್ಣು ಇಮ್ಮಡಿಯಾದರೆ ದೂಳು ಇಮ್ಮಡಿಗೆ ತುಸು ಕಡಿಮೆ. ಎರಡೂ ಒಟ್ಟಿಗೆ ಏರಿದರೆ ಸುಮಾರು ನಾಲ್ಕು ಪಟ್ಟು. ಎಂಜಿನ್ ಯಾವ ಕಾಲದ್ದು, ಇಂಧನ ಯಾವುದು ಎಂಬ ಪ್ರಶ್ನೆಯೇ ಆ ಸೂತ್ರದಲ್ಲಿಲ್ಲ. ಬ್ಯಾಟರಿ ಲಾರಿ ಬಂದರೂ ಚಕ್ರದಡಿಯ ದೂಳು ತಪ್ಪದು.

ತೂಕ ಇನ್ನೊಂದು ಬಗೆಯಲ್ಲೂ ಕಾಡುತ್ತದೆ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ರಸ್ತೆಗಳನ್ನು ಪರೀಕ್ಷೆಗೆಂದೇ ಕಟ್ಟಿ, ಎರಡು ವರ್ಷ ಹಗಲಿರುಳು ಲಾರಿ ಓಡಿಸಿ, ಯಾವ ಭಾರಕ್ಕೆ ಎಷ್ಟು ಕಿತ್ತುಹೋಗುತ್ತದೆ ಎಂದು ಅಳೆದರು. ಒಂದು ಆಕ್ಸಲ್ ಮೇಲಿನ ಭಾರ ಏರಿದರೆ ರಸ್ತೆಗಾಗುವ ಹಾನಿ ಹೆಚ್ಚುಕಡಿಮೆ ಅದರ ನಾಲ್ಕನೇ ಘಾತದಂತೆ ಏರುತ್ತದೆ ಎಂಬುದು ಅಲ್ಲಿ ತಿಳಿಯಿತು. ಭಾರ ಇಮ್ಮಡಿಯಾದರೆ ಹಾನಿ ಹದಿನಾರು ಪಟ್ಟು. ನೂರಕ್ಕೆ ಇಪ್ಪತ್ತರಷ್ಟು ಓವರ್‌ಲೋಡ್ ಮಾಡಿದರೂ ಸಾಕು, 1.2ನ್ನು ನಾಲ್ಕು ಸಲ ಗುಣಿಸಿ ನೋಡಿ, ಹಾನಿ ಎರಡು ಪಟ್ಟು ದಾಟುತ್ತದೆ. ಹಾಗಾಗಿ ಓವರ್‌ಲೋಡ್ ಲಾರಿ ಮೂರು ಕೆಲಸ ಒಟ್ಟಿಗೆ ಮಾಡುತ್ತದೆ: ಹೆಚ್ಚು ಡೀಸೆಲ್ ಸುಟ್ಟು ಹೊಗೆ ಬಿಡುತ್ತದೆ, ಭಾರದಿಂದ ಹೆಚ್ಚು ದೂಳೆಬ್ಬಿಸುತ್ತದೆ, ರಸ್ತೆಯನ್ನು ಒಡೆದು ನಾಳೆಯ ದೂಳಿಗೆ ಮಣ್ಣು ಒದಗಿಸುತ್ತದೆ. ಆಮೇಲೆ ಅದೇ ಒಡೆದ ರಸ್ತೆಯಲ್ಲಿ ಹಗುರ ವಾಹನಗಳೂ ದೂಳೆಬ್ಬಿಸುತ್ತವೆ. ಬೈಕಿನವನು ಬೇರೆಯವರ ಪಾಪಕ್ಕೆ ಪಾಲುದಾರನಾಗುತ್ತಾನೆ.

ಎದ್ದ ದೂಳು ಎಷ್ಟು ಹೊತ್ತು ತೇಲುತ್ತದೆ? ಇದನ್ನು ನಾವೇ ಲೆಕ್ಕ ಹಾಕಬಹುದು. ಗಾಳಿಯಲ್ಲಿ ಬೀಳುವ ಸಣ್ಣ ಕಣದ ವೇಗ ಅದರ ವ್ಯಾಸದ ವರ್ಗಕ್ಕೆ ತಕ್ಕಂತೆ ಇರುತ್ತದೆ ಎಂಬುದು ಸ್ಟೋಕ್ಸ್ ನಿಯಮ. ನಮ್ಮ ತಲೆಗೂದಲ ದಪ್ಪ ಸುಮಾರು 60 ಮೈಕ್ರಾನ್. 10 ಮೈಕ್ರಾನಿನ ಮಣ್ಣಿನ ಕಣ ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 8 ಮಿಲಿಮೀಟರ್ ಇಳಿಯುತ್ತದೆ. ಎರಡು ಮೀಟರ್ ಎತ್ತರದಿಂದ ನೆಲ ಮುಟ್ಟಲು ನಾಲ್ಕು ನಿಮಿಷ. ಅದೇ ಮಣ್ಣಿನ ಎರಡೂವರೆ ಮೈಕ್ರಾನಿನ ಕಣಕ್ಕೆ ಒಂದು ಗಂಟೆಗೂ ಹೆಚ್ಚು ಬೇಕು. ಅಷ್ಟರಲ್ಲಿ ಇನ್ನೆಷ್ಟೋ ಲಾರಿಗಳು ಹಾಯ್ದಿರುತ್ತವೆ. ಗಾಳಿ ನಿಶ್ಚಲವಾಗಿಯೂ ಇರುವುದಿಲ್ಲ. ದೂಳು ಕೂತಿತು ಎಂದು ನಮಗೆ ಅನ್ನಿಸುವುದು ಕಣ್ಣಿಗೆ ಕಾಣುವಷ್ಟು ದಪ್ಪದ್ದು ಕೂತಾಗ. ಕಾಣದ್ದು ಇನ್ನೂ ಅಲ್ಲೇ ಇರುತ್ತದೆ.

ದಪ್ಪ ಕಣವನ್ನು ಮೂಗು, ಗಂಟಲು ಹಿಡಿದಿಡುತ್ತವೆ, ಕಫವಾಗಿ ಹೊರಬರುತ್ತದೆ. ಎರಡೂವರೆ ಮೈಕ್ರಾನಿಗಿಂತ ಸಣ್ಣದು ಶ್ವಾಸಕೋಶದ ತುದಿಯ ಗಾಳಿಗೂಡುಗಳನ್ನು ಮುಟ್ಟುತ್ತದೆ. ಅಲ್ಲಿ ಉಗುಳಿ ಹೊರಹಾಕುವ ವ್ಯವಸ್ಥೆ ಇಲ್ಲ. ನಮ್ಮ ದೇಶದ 2009ರ ಮಾನದಂಡದಂತೆ ಈ ಸಣ್ಣ ಕಣ ವರ್ಷದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 40 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ಬರೀ 5.

ದೂಳಿನ ಮಾತಾಡುವ ಭರದಲ್ಲಿ ಹೊಗೆಯನ್ನು ಕ್ಷಮಿಸಲಾಗದು. ಡೀಸೆಲ್ ಮಸಿಯ ಕಣ ಮಣ್ಣಿನ ಕಣಕ್ಕಿಂತ ಹತ್ತಾರು ಪಟ್ಟು ಸಣ್ಣದು, ಅದರ ಮೈಮೇಲೆ ಅರೆಬೆಂದ ಎಣ್ಣೆಯ ವಿಷ ಅಂಟಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ನಿಯಮ ಇಲ್ಲಿ ದೊಡ್ಡ ಹೆಜ್ಜೆ. ಡೀಸೆಲ್‌ನ ಗಂಧಕ ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿಯಿತು, ಹೊಸ ಲಾರಿಗೆ ಮಸಿ ಹಿಡಿಯುವ ಜಾಲರಿ ಬಂತು. ಆದರೆ ನಮ್ಮ ಸಂತೆ, ಎಪಿಎಂಸಿಗಳ ರಸ್ತೆಯಲ್ಲಿ ಓಡುವ ಎಲ್ಲವೂ 2020ರ ಈಚಿನವಲ್ಲ. ಟ್ರ್ಯಾಕ್ಟರ್‌ಗಳಂತೂ ಬೇರೆಯೇ ಮಾನದಂಡದವು. 2023ರಲ್ಲಿ ಬಂದ ಬಿಗಿಯಾದ ನಿಯಮ 50 ಅಶ್ವಶಕ್ತಿ ಮೀರಿದವಕ್ಕೆ ಮಾತ್ರ. ನಮ್ಮ ರೈತರ ಮನೆ ಮುಂದೆ ನಿಂತಿರುವವು ಬಹುಪಾಲು ಅದಕ್ಕಿಂತ ಕಡಿಮೆಯವು. ಮೆಕ್ಕೆಜೋಳದ ಸುಗ್ಗಿಯಲ್ಲಿ ಎರಡು ಟ್ರೇಲರ್ ಎಳೆದು ಹರಪನಹಳ್ಳಿ ದಾರಿಯ ಏರು ಹತ್ತುವ ಟ್ರ್ಯಾಕ್ಟರಿನ ಕೊಳವೆ ನೋಡಿದವರಿಗೆ ಗೊತ್ತು. ರೈತನ ಮೇಲೆ ನಿಷೇಧ ಹೇರಿ ಎಂದು ನಾನು ಹೇಳಲಾರೆ. ಮೊದಲು ಕೈ ಹಾಕಬೇಕಾದ್ದು ಅಲ್ಲಿಗಲ್ಲ.

ಹಾಗಾದರೆ ಎಲ್ಲಿಗೆ? ದೆಹಲಿಯ ಅನುಭವ ಒಂದು ಸುಳಿವು ಕೊಡುತ್ತದೆ. ಸಿಎನ್‌ಜಿ ಬಂದು ಹದಿಮೂರು ವರ್ಷಗಳ ಮೇಲೆ, 2016ರಲ್ಲಿ, ಐಐಟಿ ಕಾನ್ಪುರದ ತಂಡ ದೆಹಲಿಯ ಗಾಳಿಯ ಕಣಗಳ ಮೂಲ ಹುಡುಕಿ ವರದಿ ಕೊಟ್ಟಿತು. 10 ಮೈಕ್ರಾನ್‌ವರೆಗಿನ ಕಣಗಳ ಹೊರಸೂಸುವಿಕೆಯಲ್ಲಿ ರಸ್ತೆಯ ದೂಳಿನ ಪಾಲು ನೂರಕ್ಕೆ 56 ಎಂದು ಅದರ ಲೆಕ್ಕ. ಎರಡೂವರೆ ಮೈಕ್ರಾನ್‌ನ ಸಣ್ಣ ಕಣಗಳಲ್ಲಿ ರಸ್ತೆ ದೂಳು 38, ವಾಹನದ ಹೊಗೆ 20. ದೆಹಲಿಯಂಥ ಊರಿನಲ್ಲೇ ಹೀಗಿದ್ದರೆ, ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆಯ, ರಸ್ತೆಯ ಅಂಚು ಬರೀ ಮಣ್ಣಾಗಿರುವ ನಮ್ಮ ಸೀಮೆಯಲ್ಲಿ ದೂಳಿನ ಪಾಲು ಹಗುರಾಗಿರಲಾರದು.

ಆದ್ದರಿಂದ ನನ್ನ ವಾದ ಇಷ್ಟು. ಕೂಡ್ಲಿಗಿ, ಹಡಗಲಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಎಂಬ ಈ ಐದು ಊರುಗಳಿಗೆ ಲಂಡನ್ನಿನ ಕ್ಯಾಮೆರಾ ಬೇಡ, ದೆಹಲಿಯ ಹಾಗೆ ಹತ್ತು ವರ್ಷದ ಡೀಸೆಲ್ ಗಾಡಿ ಗುಜರಿಗೆ ಎಂಬ ಆಜ್ಞೆಯೂ ಬೇಡ. ಇಲ್ಲಿ ಗಾಳಿ ಕೆಡಿಸುವ ವಾಹನ ಎಂದರೆ ಭಾರ ಮೀರಿದ, ಮೈ ಮುಚ್ಚದ, ಊರೊಳಗೆ ಕೆಲಸವಿಲ್ಲದಿದ್ದರೂ ಊರೊಳಗೇ ಹಾಯುವ ವಾಹನ. ನಿರ್ಬಂಧ ಅದಕ್ಕೆ ಬೇಕು. ಅದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್, ಸಾರ್ವಜನಿಕರ ಸುರಕ್ಷತೆ ಮತ್ತು ಅನುಕೂಲಕ್ಕಾಗಿ ಗೊತ್ತುಪಡಿಸಿದ ರಸ್ತೆಯಲ್ಲಿ ಗೊತ್ತುಪಡಿಸಿದ ಬಗೆಯ ವಾಹನಗಳನ್ನು ತಡೆಯುವ ಅಧಿಕಾರ ಕೊಡುತ್ತದೆ. ಗಾಳಿ ಎಂಬ ಪದ ಅಲ್ಲಿಲ್ಲ, ಆದರೆ ಉಸಿರಾಟ ಸುರಕ್ಷತೆಯಲ್ಲವೆಂದು ಯಾರೂ ವಾದಿಸಲಾರರು. ಓವರ್‌ಲೋಡಿಗೆ 194ನೇ ಸೆಕ್ಷನ್ ಇದೆ: 2019ರ ತಿದ್ದುಪಡಿಯ ನಂತರ ಇಪ್ಪತ್ತು ಸಾವಿರ ರೂಪಾಯಿ ದಂಡ, ಮೀರಿದ ಪ್ರತಿ ಟನ್ನಿಗೆ ಇನ್ನೆರಡು ಸಾವಿರ. ರಸ್ತೆಯಲ್ಲಿ ಅಡ್ಡಗಟ್ಟಿ ಚಾಲಕನ ಹತ್ತಿರ ವಸೂಲಿ ಮಾಡುವುದಕ್ಕಿಂತ ಕ್ವಾರಿಯ ಗೇಟಿನಲ್ಲೇ ವೇಬ್ರಿಡ್ಜ್ ಇಟ್ಟು, ತೂಕ ಸರಿಯಿಲ್ಲದ, ತಾಡಪಾಲು ಕಟ್ಟದ ಗಾಡಿಯನ್ನು ಹೊರಬಿಡದಿರುವುದು ನ್ಯಾಯ. ತುಂಬಿಸುವವನು ಚಾಲಕನಲ್ಲ, ಮಾಲೀಕ.

ಹೊತ್ತಿನ ವಿಷಯದಲ್ಲಿ ಎಚ್ಚರ ಬೇಕು. ಬೆಂಗಳೂರಿನ ಮಾದರಿ ನೋಡಿ ಹಗಲು ಲಾರಿ ಬೇಡ, ರಾತ್ರಿ ಬಿಡಿ ಎನ್ನುವುದು ಎಲ್ಲರಿಗೂ ಹೊಳೆಯುವ ಉಪಾಯ. ಅಪಘಾತ ತಪ್ಪಿಸಲು ಅದು ಒಳ್ಳೆಯದೇ. ಗಾಳಿಯ ಲೆಕ್ಕ ಬೇರೆ. ಬೇಸಿಗೆಯ ಮಧ್ಯಾಹ್ನ ಕಾದ ನೆಲದಿಂದ ಗಾಳಿ ಕುದಿವ ಎಸರಿನಂತೆ ಮೇಲೇಳುತ್ತದೆ, ಎದ್ದ ದೂಳು ಒಂದೂವರೆ ಎರಡು ಕಿಲೋಮೀಟರ್ ಎತ್ತರದವರೆಗೆ ಬೆರೆತು ತೆಳುವಾಗುತ್ತದೆ. ಚಳಿಗಾಲದ ರಾತ್ರಿ ನೆಲ ತಣ್ಣಗಾಗಿ ಅದರ ಮೇಲೆ ತಂಪು ಗಾಳಿ ಮಲಗಿಬಿಡುತ್ತದೆ. ಆಗ ಬೆರೆಯಲು ಸಿಗುವುದು ನೂರಿನ್ನೂರು ಮೀಟರ್ ಅಷ್ಟೆ. ಒಂದೇ ಲಾರಿಯ ಒಂದೇ ಹೊಗೆ ರಾತ್ರಿ ಹತ್ತು ಪಟ್ಟು ದಟ್ಟವಾಗಿ ನಿಲ್ಲಬಹುದು. ಬೆಳಗಿನ ಜಾವ ಹರಪನಹಳ್ಳಿಯ ಕೆರೆ ಏರಿಯ ಮೇಲೆ ಕಾಣುವ ಮಬ್ಬೆಲ್ಲ ಇಬ್ಬನಿಯಲ್ಲ. ಮಾರ್ಗಶಿರ, ಪುಷ್ಯದಲ್ಲಿ ಲಾರಿಗಳನ್ನು ರಾತ್ರಿಗೆ ದೂಡಿದರೆ, ಬೆಳಗ್ಗೆ ಐದಕ್ಕೆ ವಾಕಿಂಗ್ ಹೊರಡುವ ಹಿರಿಯರಿಗೂ ಮಲ್ಲಿಗೆ ಮೊಗ್ಗು ಬಿಡಿಸಲು ಹೋಗುವ ಹಡಗಲಿಯ ಹೆಣ್ಣುಮಕ್ಕಳಿಗೂ ಆ ದಟ್ಟ ಹೊಗೆಯನ್ನೇ ಉಡುಗೊರೆ ಕೊಟ್ಟಂತೆ. ಸುತ್ತಿ ಹೋಗುವ ದಾರಿ, ಅಂದರೆ ಬೈಪಾಸು, ಹೊತ್ತು ಬದಲಿಸುವುದಕ್ಕಿಂತ ಉತ್ತಮ. ದೂಳಿನ ಸಾಂದ್ರತೆ ರಸ್ತೆಯಿಂದ ದೂರ ಸರಿದಂತೆ ಬೇಗ ಇಳಿಯುತ್ತದೆ. ಊರಿನ ಅಂಚಿನಿಂದ ಅರ್ಧ ಕಿಲೋಮೀಟರ್ ಆಚೆ ಹಾಯ್ದ ಲಾರಿ ಶಾಲೆಯ ಗೋಡೆಗೆ ತಾಗಿ ಹಾಯ್ದ ಲಾರಿಯಲ್ಲ.

ಹಡಗಲಿಯ ಮಾತು ಬಂತು. ಮಲ್ಲಿಗೆಯ ಎಲೆಯ ಅಡಿಯಲ್ಲಿ ಸಾವಿರಾರು ಪತ್ರರಂಧ್ರಗಳಿವೆ, ಗಿಡ ಉಸಿರಾಡುವುದು ಅವುಗಳಿಂದ. ಮೇಲೆ ಕೂತ ದೂಳು ಬಿಸಿಲನ್ನು ತಡೆಯುತ್ತದೆ, ಎಲೆಯನ್ನು ಹೆಚ್ಚು ಕಾಯಿಸುತ್ತದೆ. ರಂಧ್ರಕ್ಕೆ ಹೊಕ್ಕದ್ದು ಅದನ್ನು ಸರಿಯಾಗಿ ಮುಚ್ಚಲು ಬಿಡದೆ ನೀರು ಸೋರಿಸುತ್ತದೆ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಆ ಮಾನ್ಯತೆಯಲ್ಲಿ ಈ ನೆಲದ ಗಾಳಿಯೂ ಸೇರಿದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿತು. ಅಲ್ಲಿನ ಜಾಲಿ ಮರಗಳ ಮೇಲೆ ಗೂಡು ಕಟ್ಟುವ ಹಕ್ಕಿಗಳೂ ಇದೇ ಗಾಳಿಯನ್ನು ಉಸಿರಾಡುತ್ತವೆ.

ಅದಿರಿನ ಕಡೆಗೆ ಮತ್ತೊಮ್ಮೆ ಬರಬೇಕು, ಏಕೆಂದರೆ ಅದು ಮುಗಿದ ಕಥೆಯಲ್ಲ. 2013ರ ಏಪ್ರಿಲ್‌ನ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಗೆ ವರ್ಷಕ್ಕೆ ಎರಡೂವರೆ ಕೋಟಿ ಟನ್ ಎಂಬ ಮಿತಿ ಒಪ್ಪಿತು. 2022ರ ಆಗಸ್ಟ್‌ನಲ್ಲಿ ಆ ಮಿತಿ ಕೊನೆಗೆ ಮೂರೂವರೆ ಕೋಟಿಗೆ ಮುಟ್ಟಿತು. ಏರಿದ ಒಂದು ಕೋಟಿ ಟನ್ನನ್ನು 20 ಟನ್ನಿನ ಲಾರಿಯಲ್ಲಿ ಸಾಗಿಸಿದರೆ ಐದು ಲಕ್ಷ ಸುತ್ತು, ದಿನಕ್ಕೆ ಸುಮಾರು 1,370. ಒಂದು ಗೂಡ್ಸ್ ರೈಲು 3,500 ಟನ್ ಒಯ್ದರೆ ದಿನಕ್ಕೆ ಎಂಟು ರೈಲು ಸಾಕು. ಸಂಡೂರಿನ ಬೆಟ್ಟದಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕೊಳವೆಯಂತೆ ಸುತ್ತಿಕೊಂಡ ಕನ್ವೇಯರ್ ಬೆಲ್ಟಿನಲ್ಲಿ ಅದಿರು ಇಳಿಯುತ್ತಿದೆ, ದೂಳಿಲ್ಲದೆ. ಕೊಟ್ಟೂರಿನ ಮೇಲೆ ಹೊಸಪೇಟೆಯಿಂದ ಹರಿಹರಕ್ಕೆ ರೈಲು ಹಳಿ ಇದೆ. ಹಳಿ ಇದ್ದೂ ಅದಿರು ರಸ್ತೆಗೆ ಇಳಿದರೆ ಅದು ತಂತ್ರಜ್ಞಾನದ ಕೊರತೆಯಲ್ಲ.

2008ರ ಬೀಜಿಂಗ್ ಒಲಿಂಪಿಕ್ಸ್ ವೇಳೆ ಜುಲೈ 20ರಿಂದ ಎರಡು ತಿಂಗಳು ಅಲ್ಲಿ ಸಮ-ಬೆಸ ಸಂಖ್ಯೆಯ ಕಾರುಗಳು ದಿನ ಬಿಟ್ಟು ದಿನ ಓಡಿದವು, ಕಾರ್ಖಾನೆಗಳೂ ನಿಂತವು. ವರ್ಷಗಳ ನಂತರ ಸಂಶೋಧಕರು ಆ ಊರಿನ ಬಾಣಂತಿಯರ ದಾಖಲೆ ತೆಗೆದು ನೋಡಿದರು. ಬಸುರಿನ ಎಂಟನೇ ತಿಂಗಳು ಆ ಶುದ್ಧ ಗಾಳಿಯ ದಿನಗಳಲ್ಲಿ ಕಳೆದ ತಾಯಂದಿರ ಮಕ್ಕಳು, ಹಿಂದಿನ ಮತ್ತು ಮುಂದಿನ ವರ್ಷ ಅದೇ ತಿಂಗಳುಗಳಲ್ಲಿ ಹುಟ್ಟಿದ ಮಕ್ಕಳಿಗಿಂತ ಸರಾಸರಿ 23 ಗ್ರಾಂ ಹೆಚ್ಚು ತೂಗುತ್ತಿದ್ದರು. ಅದೇ ವರ್ಷ ಚೀನಾದ ಕುಲುಮೆಗಳಿಗೆ ಅದಿರು ಹೊತ್ತ ನಮ್ಮ ಲಾರಿಗಳು ಕೂಡ್ಲಿಗಿಯ ದಾರಿಯಲ್ಲಿ ಓಡುತ್ತಿದ್ದವು. ಆ ವರ್ಷ ಇಲ್ಲಿ ಹುಟ್ಟಿದ ಮಕ್ಕಳಿಗೆ ಏನಾಯಿತೆಂದು ಕೇಳಲು ಅಂಥದೊಂದು ಸಂಶೋಧನೆ ನಮಗೂ ಬೇಕಿತ್ತು.

2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕೇ ಊರುಗಳಿವೆ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ದಾವಣಗೆರೆ. ದಾವಣಗೆರೆ ಹರಪನಹಳ್ಳಿಯ ನೆರೆಯೂರು, ಆದರೆ ಪಟ್ಟಿ ಅಲ್ಲಿಗೇ ನಿಲ್ಲುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲವೆಂದರೆ ಗಾಳಿ ಚೆನ್ನಾಗಿದೆ ಎಂದಲ್ಲ. ಮಾಘದಲ್ಲಿ ಕೊಟ್ಟೂರೇಶ್ವರನ ತೇರಿಗೆ ಸುತ್ತಲಿನ ಜಿಲ್ಲೆಗಳಿಂದ ಜನ ಪಾದಯಾತ್ರೆ ಬರುತ್ತಾರೆ. ಕೂತಾಗ ನಿಮಿಷಕ್ಕೆ ಏಳೆಂಟು ಲೀಟರ್ ಗಾಳಿ ಎಳೆಯುವ ಮನುಷ್ಯ ಬಿರುಸಾಗಿ ನಡೆಯುವಾಗ ಇಪ್ಪತ್ತಕ್ಕೂ ಹೆಚ್ಚು ಲೀಟರ್ ಎಳೆಯುತ್ತಾನೆ. ಅವರು ಇಡೀ ದಿನ ನಡೆಯುವುದು ಲಾರಿಗಳ ಮಗ್ಗುಲಲ್ಲೇ. ಆ ನಾಲ್ಕಾರು ದಿನಗಳಾದರೂ ಭಾರಿ ಲಾರಿಗಳಿಗೆ ಬೇರೆ ದಾರಿ ಗೊತ್ತುಮಾಡಿ, ದಾರಿಯುದ್ದ ಗಾಳಿಯನ್ನು ಅಳೆದರೆ, ನಿರ್ಬಂಧ ಏನು ಮಾಡಬಲ್ಲದು ಎಂಬುದಕ್ಕೆ ನಮ್ಮದೇ ಅಂಕಿ ಸಿಗುತ್ತದೆ.

ಅಳತೆಯನ್ನು ನೀವೂ ಶುರು ಮಾಡಬಹುದು. ನಾಲ್ಕು ಬಿಳಿ ರಟ್ಟು ತೆಗೆದುಕೊಂಡು ತೆಳುವಾಗಿ ವ್ಯಾಸಲೀನ್ ಸವರಿ. ಒಂದನ್ನು ಹೆದ್ದಾರಿ ಬದಿಯಲ್ಲಿ, ಒಂದನ್ನು ಬಸ್ ನಿಲ್ದಾಣದ ಹತ್ತಿರ, ಒಂದನ್ನು ಶಾಲೆಯ ಕಿಟಕಿಯಲ್ಲಿ, ಒಂದನ್ನು ಊರ ಹೊರಗಿನ ಹೊಲದಲ್ಲಿ ಎದೆಯೆತ್ತರಕ್ಕೆ ಕಟ್ಟಿ. ಒಂದು ದಿನ ಬಿಟ್ಟು ತೆಗೆದು, ಪ್ರತಿ ರಟ್ಟಿನಲ್ಲಿ ಒಂದು ಸೆಂಟಿಮೀಟರ್ ಚೌಕದೊಳಗಿನ ಕಣಗಳನ್ನು ಭೂತಗನ್ನಡಿಯಲ್ಲಿ ಎಣಿಸಿ. ಸಿಕ್ಕುವುದು ದಪ್ಪ ಕಣ ಮಾತ್ರ, ಸಣ್ಣದು ಕಾಣದು. ಆದರೂ ನಾಲ್ಕು ರಟ್ಟುಗಳ ನಡುವಿನ ಅಂತರ ಸುಳ್ಳಾಡುವುದಿಲ್ಲ. ಅದೇ ದಿನ ಹೆದ್ದಾರಿ ಬದಿ ಒಂದು ಗಂಟೆ ಕೂತು ಎಷ್ಟು ಲಾರಿ ಹಾಯ್ದವು, ಎಷ್ಟಕ್ಕೆ ತಾಡಪಾಲು ಇತ್ತು ಎಂದು ಬರೆದಿಡಿ. ಎರಡನ್ನೂ ಒಂದೇ ಹಾಳೆಗೆ ಅಂಟಿಸಿ, ಮೇಲೆ 115ನೇ ಸೆಕ್ಷನ್ ಎಂದು ಬರೆದು, ಹೊಸಪೇಟೆಯ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿಯಾಗಿ ಕೊಡಿ.